ಕೀಮೋ ನಡೆಯುವಾಗ ಮಗುವಿಗೆ ಬಾಯಿ ರುಚಿ ಕೆಟ್ಟರೆ ಏನು ಮಾಡುವುದು

ಮಗುವಿಗೆ ಕೀಮೋ, ಅಂದರೆ ಕ್ಯಾನ್ಸರಿಗೆ ಕೊಡುವ ಔಷಧಿ ಚಿಕಿತ್ಸೆ, ಶುರುವಾದ ಮನೆಯಲ್ಲಿ ಜಗಳ ಆಗುವುದು ಹೆಚ್ಚಾಗಿ ಊಟದ ಹೊತ್ತಿಗೆ. ಅಳುತ್ತಲಾದರೂ ಸೂಜಿಗೆ ಕೈ ಕೊಡುವ ಮಗು, ತಟ್ಟೆ ಕಂಡ ಕೂಡಲೇ ಬಾಯಿ ಬಿಗಿ ಹಿಡಿದು ಕೂರುತ್ತದೆ. ಅವ್ವ ಬೇಡಿಕೊಳ್ಳುತ್ತಾಳೆ, ಅಪ್ಪ ಗದರುತ್ತಾನೆ, ಅಜ್ಜಿ "ಏನೂ ತಿನ್ನಲಿಲ್ಲಂದ್ರ ಹೆಂಗ ಗಟ್ಟಿ ಆಗ್ತೀಯೋ ತಮ್ಮಾ" ಅಂತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾಳೆ. ಎಲ್ಲರೂ ಅದನ್ನು ಹಠ ಅಂದುಕೊಳ್ಳುತ್ತಾರೆ. ನಿಜ ಏನಂದರೆ ಆ ಮಗುವಿನ ಬಾಯಲ್ಲಿ ಅದೇ ಅನ್ನ ಈಗ ಬೇರೆ ರುಚಿ ಕೊಡುತ್ತಿದೆ.

ನಮ್ಮ ಅಕ್ಕನ ಮಗನಿಗೆ ರಕ್ತದ ಕ್ಯಾನ್ಸರ್ ಚಿಕಿತ್ಸೆ ನಡೆದಾಗ ಸಿಂಧನೂರಿನ ಅವರ ಮನೆಯ ಅಡುಗೆ ಎಷ್ಟೋ ದಿನ ನನ್ನ ಕೈಯಲ್ಲೇ ಇತ್ತು. ಆಗ ಕಲಿತದ್ದು, ನರ್ಸ್‌ಗಳು ಹೇಳಿಕೊಟ್ಟದ್ದು, ಆಮೇಲೆ ಓದಿ ತಿಳಿದದ್ದು ಎಲ್ಲಾ ಸೇರಿಸಿ ಬರೆಯುತ್ತಿದ್ದೇನೆ. ಇಂಥ ಸಲಹೆ ಹುಡುಕಿದರೆ ಸಿಗುವುದು ಸೂಪು, ಸ್ಯಾಂಡ್‌ವಿಚ್, ಸ್ಮೂದಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ರೊಟ್ಟಿ, ಶೇಂಗಾ ಚಟ್ನಿ, ಹುಳಿ, ಖಾರ ತಿಂದು ಬೆಳೆದ ಮಕ್ಕಳಿಗೆ ಅದನ್ನು ಕೊಟ್ಟು ನೋಡಿ, ಆರೋಗ್ಯವಾಗಿದ್ದಾಗಲೂ ತಿನ್ನಲ್ಲ! ಹಾಗಾಗಿ ಇಲ್ಲಿರುವುದು ನಮ್ಮ ಅಡುಗೆಮನೆಯಲ್ಲಿ ಆಗುವಂಥದ್ದು. ನಿಮ್ಮ ಮಗುವಿನ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ಕೊನೆ.

ಬಾಯಲ್ಲಿ ಏನಾಗುತ್ತದೆ

ನಾಲಿಗೆಯ ಮೇಲೆ ರುಚಿ ಹಿಡಿಯುವ ಕಣಗಳು ಬಹಳ ದಿನ ಬಾಳುವುದಿಲ್ಲ. ಸುಮಾರು 10 ರಿಂದ 14 ದಿನಕ್ಕೆ ಹಳೆಯವು ಹೋಗಿ ಹೊಸವು ಬರುತ್ತವೆ. ಕೀಮೋ ಔಷಧಿಯ ಕೆಲಸ ಬೇಗ ಬೇಗ ಹುಟ್ಟುವ ಕಣಗಳನ್ನು ಹೊಡೆಯುವುದು. ಕ್ಯಾನ್ಸರಿನ ಕಣವೂ ಬೇಗ ಹುಟ್ಟುತ್ತದೆ, ಕೂದಲ ಬುಡದ್ದೂ ಬೇಗ ಹುಟ್ಟುತ್ತದೆ, ನಾಲಿಗೆಯದೂ ಹಾಗೇ. ಔಷಧಿಗೆ ಇವುಗಳ ನಡುವೆ ಭೇದ ಗೊತ್ತಾಗುವುದಿಲ್ಲ. ಕೂದಲು ಉದುರಿದ್ದು ಎಲ್ಲರ ಕಣ್ಣಿಗೆ ಕಾಣುತ್ತದೆ, ನಾಲಿಗೆಗೆ ಆದದ್ದು ಕಾಣುವುದಿಲ್ಲ. ಅದಕ್ಕೇ ಕೂದಲಿಗೆ ಅಯ್ಯೋ ಪಾಪ ಅನ್ನುವವರು ಊಟಕ್ಕೆ ಮಾತ್ರ ಬೈಯುತ್ತಾರೆ.

ಜೊತೆಗೆ ಎಂಜಲು ಕಡಿಮೆಯಾಗುತ್ತದೆ, ಬಾಯಿ ಒಣಗುತ್ತದೆ, ವಾಸನೆ ಹಿಡಿಯುವ ಶಕ್ತಿಯೂ ಏರುಪೇರಾಗುತ್ತದೆ. ಕೆಲವು ಔಷಧಿ ರಕ್ತಕ್ಕೆ ಹೋಗುತ್ತಿರುವಾಗಲೇ ಬಾಯಲ್ಲಿ ಕಹಿ ಅಥವಾ ಲೋಹದ ರುಚಿ ಬರುತ್ತದೆ. ಸಿಸ್‌ಪ್ಲಾಟಿನ್, ಸೈಕ್ಲೋಫಾಸ್ಫಮೈಡ್ ಅಂಥವು. ಮೆಥೊಟ್ರೆಕ್ಸೇಟ್‌ನಿಂದ ಬಾಯಿ ಹುಣ್ಣು ಜಾಸ್ತಿ. ವಿಂಕ್ರಿಸ್ಟಿನ್‌ನಿಂದ ದವಡೆ ನೋವು ಬರಬಹುದು, ಹೊಟ್ಟೆ ಕಟ್ಟಬಹುದು. ಮೂರು ದಿನ ಕಕ್ಕಸು ಆಗದ ಮಗುವಿಗೆ ಯಾವ ಊಟ ರುಚಿಸುತ್ತದೆ ಹೇಳಿ? ತಲೆಗೆ ಅಥವಾ ಕುತ್ತಿಗೆಗೆ ರೇಡಿಯೇಶನ್ ಕೊಟ್ಟಿದ್ದರೆ ಬಾಯಿ ಒಣಗುವುದು ಇನ್ನೂ ಹೆಚ್ಚು, ಸರಿಹೋಗುವುದೂ ನಿಧಾನ.

ಇದೆಲ್ಲ ದಿನದಿಂದ ದಿನಕ್ಕೆ ಬದಲಾಗುತ್ತದೆ, ಇಡೀ ಲೇಖನದಲ್ಲಿ ನಾನು ಹೇಳುವುದು ಇದರ ಮೇಲೇ ನಿಂತಿದೆ. ಕೀಮೋ ಕೊಟ್ಟ ಮೊದಲ ಕೆಲವು ದಿನ ವಾಕರಿಕೆ. ಸುಮಾರು ಒಂದು ವಾರದ ಹೊತ್ತಿಗೆ ಬಾಯಿ ಹುಣ್ಣು ಬರುವ ಸಮಯ, ರಕ್ತದ ಕೌಂಟ್, ಅಂದರೆ ರಕ್ತಕಣಗಳ ಲೆಕ್ಕ, ಇಳಿಯುವುದೂ ಆಸುಪಾಸಿನಲ್ಲೇ. ಆಮೇಲೆ ನಿಧಾನವಾಗಿ ಚೇತರಿಕೆ, ಮುಂದಿನ ಸರದಿಗೆ ಮೊದಲು ಕೆಲವು ಒಳ್ಳೆಯ ದಿನ. ಎಲ್ಲಾ ಔಷಧಿಗೂ ಇದೇ ಲೆಕ್ಕ ಅಂತಲ್ಲ, ಆದರೆ ನಿಮ್ಮ ಮಗುವಿಗೆ ಒಂದು ಲೆಕ್ಕ ಇದ್ದೇ ಇರುತ್ತದೆ. ಅದನ್ನು ಹಿಡಿಯಬೇಕು.

1. ಮೊದಲು ಬಾಯಿ ನೋಡಿ, ಆಮೇಲೆ ಕೇಳಿ

ದಿನಾ ಬೆಳಗ್ಗೆ ಟಾರ್ಚ್ ಹಾಕಿ ಬಾಯಿ ನೋಡಿ. ಕೆನ್ನೆಯ ಒಳಗೆ, ತುಟಿ ಒಳಗೆ, ನಾಲಿಗೆ ಕೆಳಗೆ. ಕೆಂಪಾಗಿದೆಯಾ, ಹುಣ್ಣಿದೆಯಾ, ಮೊಸರು ಅಂಟಿದ ಹಾಗೆ ಬಿಳಿ ಪದರ ಇದೆಯಾ? ಬಿಳಿ ಪದರ ಬಹಳ ಸಲ ಫಂಗಸ್. ಅದಕ್ಕೆ ಔಷಧಿ ಇದೆ, ಅದು ಹೋದರೆ ರುಚಿಯೂ ಅರ್ಧ ಸರಿಹೋಗುತ್ತದೆ. ಹುಣ್ಣಿನಿಂದ ತಿನ್ನದ ಮಗುವಿಗೂ ರುಚಿ ಇಲ್ಲದೆ ತಿನ್ನದ ಮಗುವಿಗೂ ಮಾಡುವ ಅಡುಗೆ ಬೇರೆ ಬೇರೆ, ಅದಕ್ಕೇ ನೋಡುವುದು ಮೊದಲು.

ಆಮೇಲೆ ಕೇಳಿ. "ಯಾಕೆ ತಿನ್ನಲ್ಲ" ಅಂತ ಕೇಳಿದರೆ "ಬ್ಯಾಡ" ಅನ್ನುವ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. "ಬಾಯಿ ಹೆಂಗಾಗೇತಿ, ಕಬ್ಬಿಣ ನೆಕ್ಕಿದಂಗ ಆಗ್ತದೇನು? ಬೇವಿನಂಗ ಕಹಿ? ಏನೂ ಗೊತ್ತಾಗದಂಗ ಸಪ್ಪಗ?" ಅಂತ ಒಂದೊಂದೇ ಕೇಳಿದರೆ ಐದಾರು ವರ್ಷದ ಮಗುವೂ ಹೇಳುತ್ತದೆ. ಇನ್ನೂ ಸಣ್ಣದಿದ್ದರೆ ಮುಖ ನೋಡಿಯೇ ತಿಳಿಯಬೇಕು. ಬಾಯಿಗೆ ಇಟ್ಟ ಕೂಡಲೇ ಉಗುಳಿದರೆ ರುಚಿ, ಬಾಯಿಗೆ ಬರುವ ಮೊದಲೇ ಮುಖ ತಿರುಗಿಸಿದರೆ ವಾಸನೆ, ಅಗಿಯಲು ಹೋಗಿ ಅತ್ತರೆ ನೋವು. ಹೆಚ್ಚು ಕಡಿಮೆ ಹೀಗೆ.

ಒಂದು ನೋಟ್‌ಬುಕ್ ಇಡಿ. ಯಾವ ತಾರೀಖು ಕೀಮೋ, ಯಾವ ದಿನ ಏನು ತಿಂದ, ಏನು ಬೇಡ ಅಂದ, ಅಷ್ಟೇ. ಎರಡು ಮೂರು ಸರದಿ ಆದ ಮೇಲೆ ಅದನ್ನು ತಿರುವಿದರೆ ಕೆಟ್ಟ ದಿನ ಯಾವುದು, ಒಳ್ಳೆಯ ದಿನ ಯಾವುದು ಕಣ್ಣಿಗೆ ಕಾಣುತ್ತದೆ. ಡಾಕ್ಟರಿಗೂ "ಏನೂ ತಿನ್ನಲ್ಲ ಸರ್" ಅನ್ನುವುದಕ್ಕಿಂತ ಆ ಪುಟ ತೋರಿಸಿದರೆ ಉಪಯೋಗ.

2. ಊಟಕ್ಕೆ ಮೊದಲು ಬಾಯಿ ತೊಳೆಸಿ

ಸುಮ್ನೆ ಅನ್ನಿಸುತ್ತದೆ, ಆದರೆ ಇದು ಕೆಲಸ ಮಾಡುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಊಟಕ್ಕೆ ಮೊದಲು, ಊಟ ಆದ ಮೇಲೆ, ಮಲಗುವ ಮೊದಲು ಮುಕ್ಕಳಿಸಿ ಉಗುಳಲಿ. ಈ ನೀರನ್ನು ದಿನಾ ಹೊಸದಾಗಿ ಮಾಡಿ. ಉಗುಳಲು ಬಾರದ ಕೂಸಿಗೆ ಇದು ಬೇಡ, ಕುದಿಸಿ ಆರಿಸಿದ ನೀರಲ್ಲಿ ಅದ್ದಿದ ಶುಚಿಯಾದ ಮೆತ್ತಗಿನ ಬಟ್ಟೆಯಿಂದ ಒರೆಸಿದರೆ ಸಾಕು.

ಬ್ರಷ್ ತೀರಾ ಮೆತ್ತಗಿರಲಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಬಹಳ ಇಳಿದಿದ್ದರೆ ಬ್ರಷ್ ಬೇಕೋ ಬೇಡವೋ ಅಂತ ನರ್ಸ್ ಅವರನ್ನು ಕೇಳಿ. ಅಂಗಡಿಯ ಮೌತ್‌ವಾಷ್‌ಗಳಲ್ಲಿ ಕೆಲವಕ್ಕೆ ಆಲ್ಕೋಹಾಲ್ ಹಾಕಿರುತ್ತಾರೆ, ಅದು ಹುಣ್ಣಿಗೆ ಉರಿ.

3. ಹೇಗೆ ಕೆಟ್ಟಿದೆಯೋ ಹಾಗೆ ಅಡುಗೆ

ಕಬ್ಬಿಣದ ರುಚಿ ಅಂದರೆ ಮೊದಲು ಸ್ಟೀಲ್ ತಟ್ಟೆ, ಸ್ಟೀಲ್ ಲೋಟ, ಚಮಚ ಎತ್ತಿಡಿ. ಪಿಂಗಾಣಿ, ಗಾಜು ಅಥವಾ ಒಳ್ಳೆಯ ಪ್ಲಾಸ್ಟಿಕ್ ತಟ್ಟೆ ಕೊಡಿ. ಚಮಚವೇ ಬೇಡ ಅಂದರೆ ಇನ್ನೂ ಒಳ್ಳೆಯದು, ನಾವು ಕೈಯಲ್ಲಿ ತಿನ್ನುವ ಜನ. ಸೋಪು ಹಾಕಿ ಕೈ ತೊಳೆದು ಕೈತುತ್ತು ಕೊಡಿ. ಮಾಂಸ ತಿನ್ನುವ ಮನೆಯಲ್ಲಿ ಈ ದಿನಗಳಲ್ಲಿ ಮಟನ್ ಸೇರುವುದಿಲ್ಲ, ಕೆಂಪು ಮಾಂಸ ಬಾಯಲ್ಲಿ ಲೋಹದ ಹಾಗೇ ಆಗುತ್ತದೆ. ಅದರ ಬದಲು ಪೂರ್ತಿ ಬೇಯಿಸಿದ ಮೊಟ್ಟೆ, ಹೆಸರುಬೇಳೆ, ಪನ್ನೀರ್ ಕೊಡಿ. ಬಾಯಿ ಹುಣ್ಣಿಲ್ಲದಿದ್ದರೆ ನಿಂಬೆ, ಹುಣಸೆ ಸ್ವಲ್ಪ ಮುಂದಾಗಿರಲಿ. ಹುಳಿ ಲೋಹದ ರುಚಿಯನ್ನು ಮರೆಸುತ್ತದೆ. ಡ್ರಿಪ್ ಹೋಗುವಾಗ ದೊಡ್ಡ ಮಕ್ಕಳು ನಿಂಬೆ ಪೆಪ್ಪರ್‌ಮಿಂಟ್ ಚೀಪಬಹುದು. ಸಣ್ಣ ಮಕ್ಕಳಿಗೆ ಬೇಡ, ಗಂಟಲಿಗೆ ಸಿಕ್ಕೀತು. ಮೆಥೊಟ್ರೆಕ್ಸೇಟ್ ದೊಡ್ಡ ಡೋಸ್ ಕೊಡುವ ದಿನಗಳಲ್ಲಿ ಮಾತ್ರ ಕೋಲಾ ಬೇಡವೇ ಬೇಡ, ಹುಳಿ ಜ್ಯೂಸ್ ಕೊಡುವ ಮೊದಲೂ ಕೇಳಿ. ಆ ಔಷಧಿ ಮೂತ್ರದಲ್ಲಿ ಸರಿಯಾಗಿ ಹೊರಗೆ ಹೋಗಬೇಕಾದರೆ ಮೂತ್ರದಲ್ಲಿ ಹುಳಿ ಅಂಶ ಏರಬಾರದು.

ಎಲ್ಲಾ ಸಪ್ಪೆ ಅಂದರೆ ನಮ್ಮ ಕಡೆಯವರಿಗೆ ಇದು ಸುಲಭದ ಕೇಸು. ಆಸ್ಪತ್ರೆಯಿಂದ ಬಂದ ಮಗುವಿಗೆ ಉಪ್ಪು ಖಾರ ಇಲ್ಲದ ಅನ್ನವನ್ನೇ ಕೊಡಬೇಕು ಅನ್ನುವ ನಂಬಿಕೆ ನಮ್ಮಲ್ಲಿದೆ. ಹುಣ್ಣಿಲ್ಲದಿದ್ದರೆ, ಡಾಕ್ಟರ್ ಉಪ್ಪು ಕಡಿಮೆ ಮಾಡಿ ಅಂದಿಲ್ಲದಿದ್ದರೆ, ಅದಕ್ಕೆ ಕಾರಣವೇ ಇಲ್ಲ. ಸಪ್ಪೆಯಾದ ನಾಲಿಗೆಗೆ ಸಪ್ಪೆ ಅನ್ನ ಕೊಟ್ಟರೆ ಹೇಗೆ ಇಳಿಯಬೇಕು? ಜೀರಿಗೆ, ಬೆಳ್ಳುಳ್ಳಿ, ಪುದೀನಾ, ಹುಣಸೆ ಹಾಕಿ ರುಚಿ ಎತ್ತಿ. ಪುಂಡಿಪಲ್ಯದ ಹುಳಿ ಬಹಳ ಮಕ್ಕಳಿಗೆ ಹಿಡಿಸುತ್ತದೆ. ಉಗ್ಗಾಣಿ ಮಾಡಿ, ಆದರೆ ಮಂಡಕ್ಕಿ ಚೀಲದಲ್ಲಿ ಬಾಯಿ ತೆರೆದು ಇಟ್ಟಿರುವುದರಿಂದ ಕುದಿಯುವ ನೀರಲ್ಲಿ ನೆನೆಸಿ, ಹಿಂಡಿ, ಬಾಣಲೆಯಲ್ಲಿ ಚೆನ್ನಾಗಿ ಹಬೆ ಬರುವ ಹಾಗೆ ಬಿಸಿ ಮಾಡಿ. ಮೇಲೆ ಎರಡು ಚಮಚ ಪುಟಾಣಿ ಹಿಟ್ಟು ಹಾಕಿದರೆ ಪ್ರೊಟೀನ್ ಕೂಡ ಹೋಯಿತು. ಕೊತ್ತಂಬರಿ ಹಸಿಯಾಗಿ ಉದುರಿಸದೆ ಒಗ್ಗರಣೆಯಲ್ಲೇ ಬೇಯಿಸಿ.

ಕಹಿ ಅಂದರೆ ಅಥವಾ ಎಲ್ಲಾ ಉಪ್ಪುಪ್ಪು ಅಂದರೆ ಸ್ವಲ್ಪ ಬೆಲ್ಲ ಸಹಾಯ ಮಾಡುತ್ತದೆ. ಸಾರಿಗೆ ಒಂದು ಚೂರು ಬೆಲ್ಲ, ಪಲ್ಯಕ್ಕೆ ಶೇಂಗಾ ಪುಡಿ. ಎಲ್ಲಾ ಸಿಹಿ ಅನ್ನಿಸಿದರೆ ಇದರ ತಿರುಗುಮುರುಗು, ಹಾಲಿಗೆ ಸಕ್ಕರೆ ಹಾಕಬೇಡಿ, ಪಾಯಸದ ಬದಲು ಖಾರದ ಪೊಂಗಲ್ ಮಾಡಿ.

ಹುಣ್ಣಾಗಿದ್ದರೆ ಕತೆ ಬೇರೆ. ಖಡಕ್ ರೊಟ್ಟಿ, ಚಟ್ನಿ ಪುಡಿ, ಹುಳಿ, ಖಾರ, ಬಿಸಿ ಬಿಸಿ ಊಟ ಎಲ್ಲಾ ನಿಲ್ಲಿಸಿ. ಮೆತ್ತಗಿನ ರೊಟ್ಟಿಯನ್ನು ಬಿಸಿ ಹಾಲಲ್ಲಿ ಮುರಿದು ಹಾಕಿ, ಬೆಲ್ಲ ಸೇರಿಸಿ, ಪೂರ್ತಿ ನೆನೆದು ಆರಿದ ಮೇಲೆ ಕೊಡಿ. ಜೋಳದ ನುಚ್ಚು ಚೆನ್ನಾಗಿ ಬೇಯಿಸಿ ತುಪ್ಪ ಹಾಕಿ ಕೊಡಿ, ಹೆಸರುಬೇಳೆ ಕಿಚಡಿ ಕೊಡಿ, ರಾಗಿ ಗಂಜಿಗೆ ಹಾಲು ಹಾಕಿ ಕೊಡಿ. ಬಾಳೆಹಣ್ಣು ಹಿಸುಕಿ ಕೊಡಬಹುದು. ತಣ್ಣಗಿರುವುದು ನೋವಿಗೂ ಹಿತ, ಕುದಿಸಿ ಆರಿಸಿದ ನೀರಿಂದ ಮನೆಯಲ್ಲೇ ಮಾಡಿದ ಐಸ್ ಚೂರು ಬಾಯಲ್ಲಿಟ್ಟರೆ ಸ್ವಲ್ಪ ಹೊತ್ತು ಉರಿ ಗೊತ್ತಾಗುವುದಿಲ್ಲ. ನೋವು ಬಹಳ ಇದ್ದರೆ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವಂಥ ನೋವಿನ ಔಷಧಿ ಕೇಳಿ, ಸುಮ್ಮನೆ ತಡೆದುಕೊಳ್ಳಬೇಕಾಗಿಲ್ಲ.

ಇನ್ನು ನೀರು. ನಮ್ಮ ಕಡೆಯ ಎಷ್ಟೋ ಊರಲ್ಲಿ ಬೋರ್‌ವೆಲ್ ನೀರು ಸವಳು, ಆರೋಗ್ಯವಂತರಿಗೇ ಗೊತ್ತಾಗುತ್ತದೆ. ಕೀಮೋ ನಾಲಿಗೆಗೆ ಅದು ಕುಡಿಯಲಾರದಷ್ಟು ಕೆಟ್ಟದಾಗಿ ಕಾಣಬಹುದು. ಫಿಲ್ಟರ್ ನೀರನ್ನು ಕುದಿಸಿ ಆರಿಸಿ, ಮುಚ್ಚಳ ಇರುವ ಲೋಟದಲ್ಲಿ ಸ್ಟ್ರಾ ಹಾಕಿ ಕೊಡಿ. ಜೀರಿಗೆ ಹಾಕಿ ಕುದಿಸಿದ ನೀರು, ತೆಳ್ಳಗಿನ ಬೇಳೆಕಟ್ಟು, ಹುಣ್ಣಿಲ್ಲದಿದ್ದರೆ ನಿಂಬೆ ಶರಬತ್ತು ಎಲ್ಲವೂ ನೀರಿನ ಲೆಕ್ಕವೇ. ರಾಯಚೂರಿನ ಬೇಸಿಗೆಯಲ್ಲಿ ಊಟ ಒಂದು ಹೊತ್ತು ತಪ್ಪಿದರೂ ನಡೆದೀತು, ನೀರು ತಪ್ಪಬಾರದು.

4. ವಾಸನೆಗೆ ಮಗುವನ್ನು ದೂರ ಇಡಿ

ಮೆಣಸಿನಕಾಯಿ ಹುರಿಯುವ ಘಾಟು, ಬೆಳ್ಳುಳ್ಳಿ ಒಗ್ಗರಣೆ, ಕುಕ್ಕರ್ ಸೀಟಿ ಹೊಡೆದಾಗ ಬರುವ ಹಬೆ, ಊದಿನಕಡ್ಡಿ ಇವೆಲ್ಲ ವಾಕರಿಕೆ ಎಬ್ಬಿಸುತ್ತವೆ. ಒಂದೇ ಕೋಣೆಯ ಮನೆ ಆದರೆ ಒಗ್ಗರಣೆ ಹಾಕುವ ಹೊತ್ತಿಗೆ ಮಗುವನ್ನು ಹೊರಗೆ ಕಟ್ಟೆ ಮೇಲೆ ಕೂರಿಸಿ. ಬಿಸಿ ಊಟಕ್ಕಿಂತ ಉಗುರುಬೆಚ್ಚಗಿನ ಊಟಕ್ಕೆ ವಾಸನೆ ಕಡಿಮೆ. ಹಾಗಂತ ಗಂಟೆಗಟ್ಟಲೆ ಆರಲು ಬಿಡಬೇಡಿ, ನಮ್ಮ ಬಿಸಿಲಿಗೆ ಮಾಡಿದ ಅಡುಗೆ ಒಂದು ಗಂಟೆಯೊಳಗೆ ತಿಂದು ಮುಗಿಯಬೇಕು.

5. ಇಷ್ಟದ ತಿಂಡಿಯನ್ನು ಕೆಟ್ಟ ದಿನಕ್ಕೆ ಕೊಡಬೇಡಿ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಕೀಮೋಗೆ ಹೋಗುವ ದಿನ ಪಾಪ ಅಂತ ಮಗುವಿಗೆ ಬಹಳ ಇಷ್ಟದ್ದನ್ನೇ ಮಾಡಿಕೊಡುತ್ತೇವೆ. ಶೇಂಗಾ ಹೋಳಿಗೆಯೋ, ಮೊಟ್ಟೆ ಸಾರೋ. ಮಧ್ಯಾಹ್ನ ಔಷಧಿ ಹೋಗುತ್ತದೆ, ಸಂಜೆ ವಾಂತಿ. ಮಗುವಿನ ತಲೆ ಆ ವಾಂತಿಯನ್ನು ಔಷಧಿಗೆ ಜೋಡಿಸುವುದಿಲ್ಲ, ಹೋಳಿಗೆಗೆ ಜೋಡಿಸುತ್ತದೆ. ಆಮೇಲೆ ತಿಂಗಳುಗಟ್ಟಲೆ ಹೋಳಿಗೆ ಕಂಡರೆ ಆಗುವುದಿಲ್ಲ. ಬೇಕಂತ ಮಾಡುವುದಲ್ಲ, ಔಷಧಿಯಿಂದಲೇ ವಾಂತಿ ಆಗಿದ್ದು ಅಂತ ಗೊತ್ತಿದ್ದ ದೊಡ್ಡವರಿಗೂ ಹೀಗೇ ಆಗುತ್ತದೆ.

ಇದನ್ನು 1978ರಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಇಲೀನ್ ಬರ್ನ್‌ಸ್ಟೀನ್ ಅನ್ನುವ ಸಂಶೋಧಕಿ ಮಕ್ಕಳಲ್ಲೇ ತೋರಿಸಿದ್ದರು. ಕೀಮೋಗೆ ಸ್ವಲ್ಪ ಮೊದಲು ಮಕ್ಕಳಿಗೆ ಅವರು ಎಂದೂ ತಿಂದಿರದ ರುಚಿಯ ಒಂದು ಐಸ್‌ಕ್ರೀಂ ಕೊಟ್ಟರು. ಕೆಲವು ವಾರ ಬಿಟ್ಟು ಅದನ್ನೇ ಮುಂದಿಟ್ಟಾಗ ಆ ಮಕ್ಕಳಲ್ಲಿ ಹೆಚ್ಚಿನವರು ಬೇಡ ಅಂದರು. ಹಾಗೆ ಐಸ್‌ಕ್ರೀಂ ಮತ್ತು ಕೀಮೋ ಒಟ್ಟಿಗೆ ಆಗದಿದ್ದ ಮಕ್ಕಳಿಗೆ ಅಷ್ಟು ಬೇಸರ ಇರಲಿಲ್ಲ. 1987ರಲ್ಲಿ ಅದೇ ಸಂಶೋಧಕಿ ಇನ್ನೊಬ್ಬರ ಜೊತೆ ಸೇರಿ ಇದಕ್ಕೊಂದು ಉಪಾಯವನ್ನೂ ಪರೀಕ್ಷಿಸಿದರು. ಊಟಕ್ಕೂ ಔಷಧಿಗೂ ನಡುವೆ ಹೊಸ ರುಚಿಯ ಒಂದು ಮಿಠಾಯಿ ಕೊಟ್ಟರೆ ಬೇಸರ ಆ ಮಿಠಾಯಿ ಮೇಲೆ ಹೋಗಿ, ಊಟದ ಮೇಲಿನದು ಕಡಿಮೆಯಾಗುತ್ತದೆ.

ನಾವು ಮಾಡಬಹುದಾದದ್ದು ಇಷ್ಟು. ಕೀಮೋ ಹಿಂದಿನ ದಿನ, ಅವತ್ತು, ಮರುದಿನ ಇಷ್ಟದ ತಿಂಡಿ ಮನೆಯಲ್ಲಿ ಮಾಡಲೇಬೇಡಿ. ಇಡ್ಲಿ, ಗಂಜಿ, ಬ್ರೆಡ್ ಹೀಗೆ ಮಗುವಿಗೆ ಪ್ರೀತಿಯೂ ಇಲ್ಲದ ದ್ವೇಷವೂ ಇಲ್ಲದ ಊಟ ಕೊಡಿ. ಹೊಟ್ಟೆ ತುಂಬಾ ಬೇಡ, ಸ್ವಲ್ಪ. ಡ್ರಿಪ್ ಹಾಕುವ ಮೊದಲು ದೊಡ್ಡ ಮಕ್ಕಳಿಗೆ ಎಂದೂ ತಿಂದಿರದ ರುಚಿಯ ಒಂದು ಪೆಪ್ಪರ್‌ಮಿಂಟ್, ಮುಂದೆ ಅದನ್ನು ತಿನ್ನದಿದ್ದರೂ ನಷ್ಟ ಇಲ್ಲದಂಥದ್ದು. ವಾಂತಿ ತಡೆಯುವ ಔಷಧಿಯನ್ನು ಹೇಳಿದ ಹೊತ್ತಿಗೆ ಕೊಡಿ, ವಾಂತಿ ಶುರುವಾದ ಮೇಲೆ ಅಂತ ಕಾಯಬೇಡಿ. ಹೋಳಿಗೆ, ಮೊಟ್ಟೆ ಸಾರು ಎಲ್ಲಾ ಆ ನೋಟ್‌ಬುಕ್‌ನ ಒಳ್ಳೆಯ ದಿನಗಳಿಗೆ. ಇದನ್ನು ಅಜ್ಜಿಗೆ, ದೊಡ್ಡವ್ವನಿಗೆ ಕೂರಿಸಿಕೊಂಡು ಹೇಳಬೇಕು, ಯಾಕಂದರೆ ಡಬ್ಬಿ ಕಟ್ಟಿ ಕಳಿಸುವವರು ಅವರೇ.

6. ಔಷಧಿಯನ್ನು ಊಟದಲ್ಲಿ ಬಚ್ಚಿಡಬೇಡಿ

ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಗುಳಿಗೆ ಎಷ್ಟು ಕಹಿ ಅಂದರೆ ನಾಲಿಗೆಗೆ ತಾಗಿದರೆ ದೊಡ್ಡವರೂ ಮುಖ ಕಿವುಚುತ್ತಾರೆ. ಅದನ್ನು ಒಂದು ಲೋಟ ಹಾಲಿಗೆ ಹಾಕಿ ಕೊಟ್ಟರೆ ಮಗು ಮುಂದೆ ಹಾಲನ್ನೇ ಬಿಡುತ್ತದೆ, ಮೇಲಿನದೇ ಕತೆ. ಅರ್ಧ ಲೋಟ ಬಿಟ್ಟರೆ ಎಷ್ಟು ಔಷಧಿ ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ಪುಡಿ ಮಾಡಬಹುದಾ ಅಂತ ಮೊದಲು ಕೇಳಿ. ಮಾಡಬಹುದು ಅಂದರೆ ಒಂದೇ ಒಂದು ಚಮಚ ಬೆಲ್ಲದ ಪಾಕದಲ್ಲೋ ಜಾಮ್‌ನಲ್ಲೋ ಕಲಸಿ ಕೊಟ್ಟು ಕೆಲಸ ಮುಗಿಸಿ. ಕೊಡುವ ಮೊದಲು ಐಸ್ ಚೂರು ಚೀಪಿಸಿದರೆ ನಾಲಿಗೆ ಮರಗಟ್ಟಿ ಕಹಿ ಕಡಿಮೆ ಗೊತ್ತಾಗುತ್ತದೆ. ಮರ್ಕ್ಯಾಪ್ಟೊಪ್ಯೂರಿನ್, ಮೆಥೊಟ್ರೆಕ್ಸೇಟ್ ಗುಳಿಗೆಗಳನ್ನು ಮಾತ್ರ ಮನೆಯಲ್ಲಿ ಕುಟ್ಟಬೇಡಿ, ಅವೂ ಕೀಮೋ ಔಷಧಿಯೇ, ಪುಡಿ ಮನೆಯವರ ಕೈಗೆ, ಉಸಿರಿಗೆ ಹೋಗುತ್ತದೆ. ಮಗುವಿಗೆ ನುಂಗಲು ಬರದಿದ್ದರೆ ಏನು ಮಾಡಬೇಕು ಅಂತ ಆಸ್ಪತ್ರೆಯಲ್ಲೇ ಕೇಳಿ.

ಬಾಯಿ ರುಚಿ ಬರಲಿ ಅಂತ ಅಕ್ಕಪಕ್ಕದವರು ಹೇಳುವ ಅಮೃತಬಳ್ಳಿ ಕಷಾಯ, ನಾಟಿ ಔಷಧಿ, ಗಿಡಮೂಲಿಕೆ ಪುಡಿ ಇವನ್ನು ಡಾಕ್ಟರಿಗೆ ಹೇಳದೆ ಕೊಡಬೇಡಿ. ಕೀಮೋದಿಂದ ಲಿವರ್‌ಗೆ ಈಗಾಗಲೇ ಕೆಲಸ ಜಾಸ್ತಿ. ಜಿಂಕ್ ಗುಳಿಗೆ ಬಗ್ಗೆಯೂ ಜನ ಹೇಳುತ್ತಾರೆ. ಅದರ ಮೇಲೆ ಆಗಿರುವ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಕೆಲವಲ್ಲಿ ಉಪಯೋಗ ಕಂಡಿದೆ, ಕೆಲವಲ್ಲಿ ಇಲ್ಲ. ಅದನ್ನೂ ಕೇಳಿಯೇ ಕೊಡಿ.

7. ಸ್ವಲ್ಪ ತಿಂದರೂ ಸತ್ವ ಇರಲಿ, ಒತ್ತಾಯ ಬೇಡ

ಮೂರು ಹೊತ್ತಿನ ಊಟ ಅನ್ನುವ ಲೆಕ್ಕ ಬಿಡಿ. ಎರಡು ಗಂಟೆಗೊಮ್ಮೆ ನಾಲ್ಕು ತುತ್ತು ಸಾಕು. ಅದೇ ನಾಲ್ಕು ತುತ್ತಲ್ಲಿ ತುಪ್ಪ, ಶೇಂಗಾ ಪುಡಿ, ಹಾಲಿನ ಪುಡಿ, ಮೊಟ್ಟೆ ಸೇರಿಸಿ. ಶೇಂಗಾ ಹೊಸದಿರಲಿ, ಮುಗ್ಗಲು ವಾಸನೆ ಬಂದದ್ದನ್ನು ಎಸೆಯಿರಿ. ಬೆಳಗ್ಗೆ ವಾಕರಿಕೆ ಕಡಿಮೆ ಇರುವ ಮಕ್ಕಳಿಗೆ ದಿನದ ದೊಡ್ಡ ಊಟ ಬೆಳಗ್ಗೆಯೇ ಆಗಲಿ. ರಾತ್ರಿ ಹನ್ನೊಂದಕ್ಕೆ ಉಪ್ಪಿಟ್ಟು ಕೇಳಿದರೆ ಆಗಲೇ ಮಾಡಿಕೊಡಿ, ಕೇಳುವುದೇ ಅಪರೂಪ ಅಲ್ವಾ.

ಬಾಯಿ ಹಿಡಿದು ತುರುಕುವುದು, "ತಿನ್ನದಿದ್ದರೆ ಇಂಜೆಕ್ಷನ್ ಕೊಡಸ್ತೀನಿ" ಅಂತ ಹೆದರಿಸುವುದು ಇವೆರಡೂ ಬೇಡ. ಇಂಜೆಕ್ಷನ್ ಹೇಗೂ ಕೊಡುತ್ತಾರೆ, ಊಟವೂ ಶಿಕ್ಷೆ ಅನ್ನಿಸಿಬಿಟ್ಟರೆ ಚಿಕಿತ್ಸೆ ಮುಗಿದ ಮೇಲೂ ಆ ಹೆದರಿಕೆ ಹೋಗುವುದಿಲ್ಲ. ಆಯ್ಕೆ ಕೊಡಿ, ಎರಡೇ ಎರಡು. "ಕಿಚಡಿನೋ ದೋಸೆನೋ?" ಯಾವುದೂ ಬೇಡ ಅಂದರೆ ತಟ್ಟೆ ಎತ್ತಿಡಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿ. ಎಲ್ಲರ ಜೊತೆ ಕೂತು ತಿನ್ನಲಿ. ನೋಡಲು ಬಂದ ನೆಂಟರು "ಎಷ್ಟು ಸೊರಗಿದಾನ ನೋಡ್ರಿ" ಅಂತ ಮಗುವಿನ ಮುಂದೆಯೇ ಅಂದರೆ ಮರ್ಯಾದೆಯಿಂದಲೇ ಹೊರಗೆ ಕರೆದುಕೊಂಡು ಹೋಗಿ ಹೇಳಿ.

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ. ಅಂಗನವಾಡಿಯದ್ದಾದರೂ ಸರಿ. ತಿಂದದ್ದು ಕಡಿಮೆ ಅನ್ನಿಸಿದರೂ ತೂಕ ನಿಂತಿದ್ದರೆ ಅಷ್ಟು ಗಾಬರಿ ಬೇಡ.

ಸ್ಟೀರಾಯ್ಡ್ ವಾರಗಳು

ರಕ್ತದ ಕ್ಯಾನ್ಸರ್ ಮಕ್ಕಳಿಗೆ ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೋಲೋನ್ ಕೊಡುವ ವಾರಗಳಲ್ಲಿ ಎಲ್ಲಾ ಉಲ್ಟಾ. ರಾತ್ರಿ ಎರಡು ಗಂಟೆಗೆ ಎದ್ದು ಅನ್ನ ಕೇಳುತ್ತವೆ. ಅದೂ ಉಪ್ಪು, ಖಾರ, ಕುರುಕಲು: ಚಿಪ್ಸ್, ನೂಡಲ್ಸ್, ಮಿರ್ಚಿ. ಒಂದೇ ತಿಂಡಿ ಹಿಡಿದರೆ ವಾರವಿಡೀ ಅದೇ. ಮನೆಯವರಿಗೆ ಖುಷಿ, ತಿಂತಾನಲ್ಲ ಅಂತ. ಆದರೆ ಈ ಔಷಧಿಗೆ ಬಿಪಿ, ಸಕ್ಕರೆ ಏರುತ್ತವೆ, ಉಪ್ಪು ಮತ್ತು ಸಿಹಿ ಕೈ ಹಿಡಿದು ಕೊಡಬೇಕು. ಹಸಿವು ನಿಜ, ಬೈದು ಪ್ರಯೋಜನ ಇಲ್ಲ. ಮನೆಯಲ್ಲೇ ಹುರಿದ ಪುಟಾಣಿ, ಬೇಯಿಸಿದ ಶೇಂಗಾ, ಉಗ್ಗಾಣಿ, ಮೊಟ್ಟೆ ದೋಸೆ, ತರಕಾರಿ ಹಾಕಿದ ಶಾವಿಗೆ ಉಪ್ಪಿಟ್ಟು ಇಟ್ಟಿರಿ. ಐದು ವರ್ಷದ ಒಳಗಿನವರಿಗೆ ಇಡೀ ಕಾಳು ಬೇಡ, ಪುಡಿ ಮಾಡಿ.

8. ಕೌಂಟ್ ಇಳಿದಾಗ ಹೊರಗಿನದ್ದು ಬೇಡ

ಬಿಳಿ ರಕ್ತಕಣ ಇಳಿದ ದಿನಗಳಲ್ಲಿ ಸಣ್ಣ ಸೋಂಕೂ ದೊಡ್ಡದಾಗುತ್ತದೆ. ಅದೇ ಹೊತ್ತಿಗೆ ನಾಲಿಗೆ ಕೇಳುವುದು ಗಾಡಿಯ ಮಿರ್ಚಿ ಮಂಡಕ್ಕಿಯನ್ನೇ! ಹಸಿ ಸೌತೆ, ಹಸಿ ಈರುಳ್ಳಿ, ಅಂಗಡಿಯಲ್ಲಿ ಹೆಚ್ಚಿಟ್ಟ ಹಣ್ಣು, ಕಬ್ಬಿನ ಹಾಲು, ಗಾಡಿಯ ಐಸ್, ಕಾಯಿಸದ ಹಾಲು, ಹಳೆ ಉಪ್ಪಿನಕಾಯಿ ಬೇಡ. ಮನೆ ಮೊಸರಿನ ಬಗ್ಗೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಹೇಳುತ್ತಾರೆ, ನಿಮ್ಮಲ್ಲಿ ಕೇಳಿಕೊಳ್ಳಿ. ದಪ್ಪ ಸಿಪ್ಪೆ ಇರುವ ಹಣ್ಣು ತೊಳೆದು ಮನೆಯಲ್ಲೇ ಸುಲಿದು ಕೊಡಬಹುದು: ಬಾಳೆ, ಮೂಸಂಬಿ, ಕುಷ್ಟಗಿ ಕಡೆಯ ದಾಳಿಂಬೆ. ಚಕ್ಕೋತ ಮಾತ್ರ ಕೆಲವು ಔಷಧಿಗೆ ಆಗಿಬರುವುದಿಲ್ಲ, ಕೇಳದೆ ಬೇಡ.

ಮಿರ್ಚಿ ಬೇಕೇ ಬೇಕು ಅಂದರೆ ಮನೆಯಲ್ಲಿ ಹೊಸ ಎಣ್ಣೆಯಲ್ಲಿ ಮಾಡಿ, ಖಾರವಿಲ್ಲದ ಮೆಣಸಿನಕಾಯಿ ತಂದು, ಬೀಜ ತೆಗೆದು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಊರೆಲ್ಲಾ ಹೊರಟಾಗ ಮಗುವೂ ಹೊರಡುತ್ತದೆ. ಕೌಂಟ್ ಕಡಿಮೆ ಇದ್ದರೆ ಆ ಗದ್ದಲಕ್ಕೆ ಕರೆದುಕೊಂಡು ಹೋಗಬೇಡಿ, ಅವತ್ತು ಮನೆಯಲ್ಲೇ ರೊಟ್ಟಿ, ಕಾಳು ಪಲ್ಯ, ಮಿರ್ಚಿ ಆಗಲಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಿಗೆ ಒಂದು ಮಾತು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಪ್ರಯಾಣ, ರೈಲಿನ ಊಟ ಬೇಡ. ಹೊರಡುವ ಮೊದಲು ಮನೆಯಲ್ಲೇ ಉಣಿಸಿ. ಥರ್ಮಾಸ್‌ನಲ್ಲಿ ಬಿಸಿ ಗಂಜಿ, ಬಾಳೆಹಣ್ಣು, ಪ್ಯಾಕೆಟ್ ಒಡೆಯದ ಬಿಸ್ಕೆಟ್, ಕುದಿಸಿದ ನೀರು, ಪ್ಲಾಸ್ಟಿಕ್ ಚಮಚ ಇಟ್ಟುಕೊಳ್ಳಿ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರೊಬ್ಬರಿಗೂ ರೈಲು ಟಿಕೆಟ್‌ನಲ್ಲಿ ರಿಯಾಯಿತಿ ಇದೆ, ಅದರ ಫಾರಂ ಆಸ್ಪತ್ರೆಯಿಂದಲೇ ತುಂಬಿಸಿಕೊಂಡು ಬನ್ನಿ.

ಯಾವಾಗ ಕಾಯಬಾರದು

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ನಿಮ್ಮ ಡಾಕ್ಟರಿಗೆ ಫೋನ್ ಮಾಡುತ್ತಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಅನ್ನುವ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ಒಳಗೆ ಹೋದ ಕೂಡಲೇ "ಮಗುವಿಗೆ ಕೀಮೋ ನಡೆಯುತ್ತಿದೆ" ಅಂತ ಮೊದಲ ಮಾತಲ್ಲೇ ಹೇಳಿ ಫೈಲ್ ತೋರಿಸಿ.

ಎಂಟು ಗಂಟೆ ಮೂತ್ರ ಆಗದಿದ್ದರೆ, ನೀರೂ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ನೋವು ಜೋರಾಗಿದ್ದರೆ, ಬಾಯಲ್ಲಿ ರಕ್ತ ಬಂದರೆ ಅವತ್ತೇ ತಿಳಿಸಬೇಕು. ತೂಕ ಬೇಗ ಇಳಿಯುತ್ತಿದ್ದರೆ, ಉದಾಹರಣೆಗೆ 20 ಕಿಲೋ ಮಗು ಒಂದು ತಿಂಗಳಲ್ಲಿ 1 ಕಿಲೋ ಕಳೆದುಕೊಂಡರೆ, ಮುಂದಿನ ಭೇಟಿಯ ತನಕ ಇಟ್ಟುಕೊಳ್ಳಬೇಡಿ. ಆಗ ಡಾಕ್ಟರ್ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಉಣಿಸೋಣ ಅನ್ನಬಹುದು. ನಮ್ಮ ಜನ ಅದನ್ನು ಕೇಳಿದ ಕೂಡಲೇ ಎದೆ ಒಡೆದುಕೊಳ್ಳುತ್ತಾರೆ. ಅದು ಕೆಲವು ವಾರದ ಸಹಾಯ ಅಷ್ಟೇ, ಮಗುವಿಗೂ ನಿಮಗೂ ಊಟದ ಜಗಳದಿಂದ ಬಿಡುವು ಸಿಗುತ್ತದೆ.

ಚಿಕಿತ್ಸೆ ಮುಗಿದ ಮೇಲೆ

ಕೀಮೋ ನಿಂತ ಮೇಲೆ ಹೆಚ್ಚಿನ ಮಕ್ಕಳಿಗೆ ಕೆಲವು ವಾರದಿಂದ ಕೆಲವು ತಿಂಗಳಲ್ಲಿ ರುಚಿ ವಾಪಸ್ ಬರುತ್ತದೆ. ಒಂದೇ ದಿನ ಅಲ್ಲ, ನಿಧಾನವಾಗಿ. ರೇಡಿಯೇಶನ್ ಆದವರಿಗೆ ಇನ್ನೂ ತಡ ಆಗಬಹುದು. ನಾಲಿಗೆ ಸರಿಯಾದ ಮೇಲೂ ಕೆಲವು ತಿಂಡಿಯ ಮೇಲಿನ ಬೇಸರ ಉಳಿಯುತ್ತದೆ, ಮೊದಲು ಹೇಳಿದೆನಲ್ಲ, ಹೋಳಿಗೆ ಕತೆ. ಅಂಥದ್ದನ್ನು ಕೆಲವು ತಿಂಗಳು ಮರೆತುಬಿಡಿ. ಆಮೇಲೆ ಬೇರೆ ರೂಪದಲ್ಲಿ ತನ್ನಿ: ಹೋಳಿಗೆ ಬೇಡ ಅಂದವನಿಗೆ ಶೇಂಗಾ ಉಂಡೆ, ಮೊಟ್ಟೆ ಸಾರು ಬೇಡ ಅಂದವಳಿಗೆ ಆಮ್ಲೆಟ್. ತಟ್ಟೆಯ ಅಂಚಿಗೆ ಒಂದು ಚೂರು ಇಡಿ, ತಿನ್ನು ಅಂತ ಹೇಳಬೇಡಿ. ಸ್ಟೀರಾಯ್ಡ್ ಕಾಲದಲ್ಲಿ ಹಿಡಿದ ಚಿಪ್ಸ್, ನೂಡಲ್ಸ್ ಚಟ ಮಾತ್ರ ತಾನಾಗಿ ಹೋಗುವುದಿಲ್ಲ, ಅದನ್ನು ಮನೆಗೆ ತರುವುದು ನಿಲ್ಲಿಸಬೇಕು, ಅಪ್ಪನೂ ಸೇರಿದಂತೆ.